ಕನಿಷ್ಠ ಕೂಲಿಯ ಊರಿಗೆ ಚೀಲ ಹೊತ್ತು

ಕೊಪ್ಪ

ವಿದೇಶಕ್ಕೆ ಹೋಗಿ ಬಂದವರು ಅಲ್ಲಿನ ರಸ್ತೆ ಎಷ್ಟು ನುಣುಪು, ಜನ ಎಷ್ಟು ಶಿಸ್ತು ಎಂದು ಹೊಗಳುತ್ತಾರೆ. ನನ್ನಿಂದ ಅದು ಆಗುವುದಿಲ್ಲ. ರಸ್ತೆ ನುಣುಪಾಗಿಯೇ ಇತ್ತು, ಜನ ಶಿಸ್ತಾಗಿಯೇ ಇದ್ದರು. ಅಷ್ಟೇ ಶಿಸ್ತಿನಿಂದ, ನಗುನಗುತ್ತಾ, ಟೀ ಕೊಟ್ಟು, ನನ್ನ ಹನ್ನೊಂದು ಜನ ಹೆಂಗಸರ ಕೆಲಸ ಕಿತ್ತುಕೊಂಡು ನನ್ನನ್ನು ವಾಪಸು ವಿಮಾನ ಹತ್ತಿಸಿದರು. ಟಿಕೆಟ್ ಕೂಡ ಅವರದೇ ಖರ್ಚು. ಬೈಯುವುದಕ್ಕೂ ಮುಜುಗರವಾಗುವಂಥ ಉಪಚಾರ ಅದು.

ಕೊಪ್ಪದ ಬಸ್ ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ನನ್ನ ಹೊಲಿಗೆ ಅಂಗಡಿ. ಮೊದಲು ರವಿಕೆ, ಲಂಗ, ಶಾಲೆಯ ಯೂನಿಫಾರಂ ಹೊಲಿಯುತ್ತಿದ್ದೆ. ಪ್ಲಾಸ್ಟಿಕ್ ಚೀಲ ಬೇಡ ಎಂಬ ಗಾಳಿ ಬೀಸತೊಡಗಿದ ಮೇಲೆ ಬಟ್ಟೆ ಚೀಲಕ್ಕೆ ಕೈ ಹಾಕಿದೆ. ಬೆಂಗಳೂರಿನ ಏಜೆಂಟರೊಬ್ಬರು ಇಂಗ್ಲೆಂಡಿನ ಒಂದು ದೊಡ್ಡ ಅಂಗಡಿ ಕಂಪನಿಯ ಆರ್ಡರ್ ತಂದುಕೊಟ್ಟರು. ಆ ದೇಶದಲ್ಲಿ ಊರಿಗೊಂದು ಇರುವಂಥ ಅಂಗಡಿ ಅದು. ಹೆಸರು ಬರೆಯುವುದಿಲ್ಲ. ಬರೆದರೆ ಅವರಿಗೆ ಇನ್ನೊಂದು ಪುಕ್ಕಟೆ ಜಾಹೀರಾತು. ಒಂದು ಮೆಷಿನ್ ಇದ್ದ ಕಡೆ ಹನ್ನೆರಡು ಮೆಷಿನ್ ಆದವು. ಹರಿಹರಪುರ, ಮೇಗುಂದ, ಎನ್.ಆರ್.ಪುರ ರಸ್ತೆ, ಎಲ್ಲ ಕಡೆಯಿಂದ ಹೆಂಗಸರು ಬೆಳಗಿನ ಬಸ್ಸಿಗೆ ಬಂದಿಳಿದು ಸಂಜೆಯ ಬಸ್ಸಿಗೆ ಹೋಗುತ್ತಿದ್ದರು. ನಾಲ್ಕು ವರ್ಷ ಹೀಗೇ ನಡೆಯಿತು.

ಆಮೇಲೆ ಒಂದು ದಿನ ಕಾಗದ ಬಂತು. ಕಂಪನಿಯವರು ಲೀಡ್ಸ್ ಎಂಬ ಊರಿನಲ್ಲಿ ದೊಡ್ಡ ಸಭೆ ನಡೆಸುತ್ತಾರಂತೆ. ದೇಶದ ಕನಿಷ್ಠ ಕೂಲಿಯನ್ನು ಸರ್ಕಾರ ಇನ್ನೂ ಏರಿಸಬೇಕು ಎಂದು ಒತ್ತಾಯಿಸುವ ಸಭೆ. ಅವರಿಗೆ ಸಾಮಾನು ಕಳಿಸುವ ಬೇರೆ ಬೇರೆ ದೇಶದವರಲ್ಲಿ ಕೆಲವರು ವೇದಿಕೆ ಹತ್ತಿ ನಾಲ್ಕು ಮಾತಾಡಬೇಕಂತೆ. ನಮ್ಮ ಆರ್ಡರಿನ ಅವಧಿ ಮುಗಿಯುತ್ತಾ ಬಂದಿತ್ತು. ಮುಂದುವರಿಸುವ ಮಾತೂ ಅಲ್ಲೇ ಆಗುತ್ತದೆ ಎಂದು ಏಜೆಂಟರು ಹೇಳಿದರು.

ಹೊರಡುವ ದಿನ ಗಿರಿಜಾ ನನ್ನ ಪೆಟ್ಟಿಗೆಯ ಮೇಲೆ ಕೂತು ಜಿಪ್ ಎಳೆದುಕೊಟ್ಟಳು. ಗಿರಿಜಾ ಮೇಗುಂದದ ಕಡೆಯವಳು. ಅವಳಮ್ಮ, ಅಜ್ಜಿ ಎಲ್ಲರೂ ಬೇರೆಯವರ ಗದ್ದೆ, ತೋಟದಲ್ಲಿ ದುಡಿದವರು. ಅವಳೂ ಕಾಫಿ ಎಸ್ಟೇಟಿಗೆ ಹದಿನೈದು ವರ್ಷ ಹೋದವಳು. ಸೊಂಟದ ನೋವು ಶುರುವಾದ ಮೇಲೆ ನನ್ನ ಹತ್ತಿರ ಹೊಲಿಗೆ ಕಲಿತಳು. ಈಗ ಚೀಲದ ಹಿಡಿ ಕೂರಿಸುವುದರಲ್ಲಿ ಅವಳನ್ನು ಮೀರಿಸುವವರಿಲ್ಲ.

"ವನಜಕ್ಕ, ಅಲ್ಲಿ ಚಳಿಯಂತೆ. ಸ್ವೆಟರ್ ಹಾಕ್ಕೊಂಡೇ ಇಳೀರಿ ಮಾರಾಯ್ರೆ," ಎಂದಳು. ಆಮೇಲೆ ಮೆಲ್ಲಗೆ, "ಆರ್ಡರ್ ಮುಂದುವರಿಸ್ತಾರಲ್ವಾ? ನಂಗೆ ಮತ್ತೆ ಎಸ್ಟೇಟಿಗೆ ಹೋಗೋಕೆ ಆಗ್ದು ಅಕ್ಕ. ಸೊಂಟ ಕೇಳೂದಿಲ್ಲ."

"ಮುಂದುವರಿಸದೆ ಎಂತ ಮಾಡ್ತಾರೆ? ನಾನೇ ಹೋಗ್ತಾ ಇದ್ದೀನಲ್ಲ," ಎಂದೆ. ಜಂಬ ಎಂದರೆ ಜಂಬ!

ಮ್ಯಾಂಚೆಸ್ಟರ್

ವಿಮಾನ ಇಳಿದ ಕೂಡಲೇ ಒಬ್ಬ ಅಧಿಕಾರಿ ಗಾಜಿನ ಪೆಟ್ಟಿಗೆಯೊಳಗಿಂದ, ಏನು ಕೆಲಸ ನಿಮ್ಮದು ಎಂದು ಕೇಳಿದ. ನನ್ನದು ಅಂಗಡಿ ಇಂಗ್ಲಿಷ್. ಕೊಪ್ಪದ ಕಾಲೇಜಿನಲ್ಲಿ ಕಲಿತದ್ದಕ್ಕಿಂತ ಏಜೆಂಟರ ಈಮೇಲ್ ಓದಿ ಕಲಿತದ್ದೇ ಜಾಸ್ತಿ. ಬಾಯಲ್ಲಿ ಹೇಳುವ ಬದಲು ಹೆಗಲಲ್ಲಿದ್ದ ಚೀಲವನ್ನೇ ಎತ್ತಿ ತೋರಿಸಿದೆ. ಅವನು ಮೊದಲ ಸಲ ನಕ್ಕು, "ನನ್ನ ಹೆಂಡತಿಯ ಹತ್ತಿರ ಇಂಥದ್ದು ನಾಲ್ಕಿವೆ," ಎಂದ. ನನಗೆ ಆಕಾಶಕ್ಕೆ ಮೂರೇ ಗೇಣು ಉಳಿಯಿತು. ಅದರಲ್ಲಿ ಒಂದರ ಹಿಡಿಯನ್ನಾದರೂ ಗಿರಿಜಾ ಕೂರಿಸಿರುತ್ತಾಳೆ ಎಂದು ಅವನಿಗೆ ಹೇಳಬೇಕೆನಿಸಿತು, ಆದರೆ ಹಿಂದೆ ಸಾಲು ಉದ್ದವಿತ್ತು.

ಹೊರಗೆ ನನ್ನ ಹೆಸರಿನ ರಟ್ಟು ಹಿಡಿದು ಹೆಲೆನ್ ನಿಂತಿದ್ದಳು. ಕಂಪನಿಯಲ್ಲಿ ಹೊರದೇಶದ ಸಾಮಾನಿನ ವಿಭಾಗ ನೋಡಿಕೊಳ್ಳುವವಳು, ನನ್ನದೇ ವಯಸ್ಸು, ಮೆಲುದನಿ. ನಾನು ಕಾರಿನ ಬಾಗಿಲು ಹಾಕಿದ್ದಕ್ಕೆ ಥ್ಯಾಂಕ್ಸ್, ನೀರಿನ ಬಾಟಲಿ ತೆಗೆದುಕೊಂಡದ್ದಕ್ಕೆ ಥ್ಯಾಂಕ್ಸ್, ಬೆಲ್ಟು ಹಾಕಿಕೊಂಡದ್ದಕ್ಕೆ ಥ್ಯಾಂಕ್ಸ್. ನಮ್ಮಲ್ಲಿ ಥ್ಯಾಂಕ್ಸ್ ಎಂದರೆ "ಎಂತಕ್ಕೆ ಮಾರಾಯ್ತಿ, ಹೊರಗಿನವಳಾ ನೀನು?" ಎಂದು ಬೈಸಿಕೊಳ್ಳಬೇಕು. ಇವರಲ್ಲಿ ಅದು ಉಸಿರಾಟದ ಹಾಗೆ ಬಂದುಹೋಗುತ್ತಲೇ ಇರುತ್ತದೆ.

ದಾರಿಯಲ್ಲಿ ನನ್ನ ಹೊಟ್ಟೆಯಲ್ಲಿದ್ದ ಪ್ರಶ್ನೆ ಕೇಳಿಯೇಬಿಟ್ಟೆ. "ಕೂಲಿ ಜಾಸ್ತಿ ಮಾಡಿಸಿ ಅಂತ ಆಳುಗಳು ಕೇಳುವುದು ಗೊತ್ತು. ಧಣಿಯೇ ಸರ್ಕಾರದ ಮುಂದೆ ಹೋಗಿ ಕೇಳುವುದನ್ನು ನಾನು ಕಂಡಿಲ್ಲ. ನಿಮಗೇನು ಹುಚ್ಚೇ?"

ಹೆಲೆನ್ ಜೋರಾಗಿ ನಕ್ಕಳು. "ಹುಚ್ಚಲ್ಲ ವನಜಾ. ಅಷ್ಟು ಕೂಲಿಯನ್ನು ನಮ್ಮ ಅಂಗಡಿಗಳಲ್ಲಿ ನಾವು ಆಗಲೇ ಕೊಡುತ್ತಿದ್ದೇವೆ. ಉಳಿದವರೂ ಕೊಡಲಿ ಎನ್ನುವುದು, ಅಷ್ಟೇ."

ಎಷ್ಟು ಒಳ್ಳೆಯವರಪ್ಪಾ ಎಂದುಕೊಂಡೆ. ಅವಳು ಆಡಿದ ಆ ಎರಡು ವಾಕ್ಯದಲ್ಲಿ ಎಲ್ಲವೂ ಇತ್ತು. ನನ್ನ ಮಂಡೆಗೆ ಹೋಗಲಿಲ್ಲ.

ಲೀಡ್ಸ್, ಮೊದಲ ದಿನ

ಇಲ್ಲಿ ಮಳೆ ಬರುತ್ತಿತ್ತು ಎಂದು ಅವರು ಹೇಳಿದರು. ನಾನಂತೂ ಕಾಣಲಿಲ್ಲ. ಮುಖಕ್ಕೆ ಯಾರೋ ಸೀನಿದ ಹಾಗೆ ನಾಲ್ಕು ಹನಿ, ಅದಕ್ಕೆ ಊರಿಗೆ ಊರೇ ಕೊಡೆ ಬಿಚ್ಚಿಕೊಂಡು, ಅಬ್ಬಾ ಎಂಥ ಹವೆ ಎಂದು ಮುಖ ಸೊಟ್ಟ ಮಾಡುತ್ತದೆ. ಕೊಪ್ಪದವಳ ಮುಂದೆ ಮಳೆಯ ದೂರು ಹೇಳುವ ಧೈರ್ಯ!

ಹೋಟೆಲಿನಿಂದ ಬಸ್ಸು ಹತ್ತಿದೆ. ಡ್ರೈವರ್ ಚಿಲ್ಲರೆ ಕೊಡುತ್ತಾ ನನ್ನನ್ನು "ಲವ್" ಎಂದ. ನನಗೆ ಸಿಟ್ಟು ನೆತ್ತಿಗೇರಿತು. ನನ್ನ ಗಂಡ ಇಪ್ಪತ್ತಾರು ವರ್ಷದಲ್ಲಿ ಒಮ್ಮೆಯೂ ಹಾಗೆ ಕರೆದವರಲ್ಲ. ಕೆಂಗಣ್ಣು ಬಿಟ್ಟು ಅವನನ್ನು ನೋಡಿ ಹಿಂದೆ ಹೋಗಿ ಕೂತೆ. ನನ್ನ ನಂತರ ಹತ್ತಿದ ಎಂಬತ್ತರ ಅಜ್ಜಿಗೂ ಅವನು ಲವ್ ಎಂದ, ಅಜ್ಜಿಯೂ ಅವನಿಗೆ ಲವ್ ಎಂದಿತು. ನಮ್ಮ ಮಾರಾಯ, ಮಾರಾಯ್ತಿ ಇದ್ದ ಹಾಗೆ ಎಂದು ಆಮೇಲೆ ತಿಳಿಯಿತು. ಇಳಿಯುವಾಗ ಅವನ ಮುಖ ನೋಡಲು ನಾಚಿಕೆಯಾಗಿ ಹಿಂದಿನ ಬಾಗಿಲು ಹುಡುಕಿದೆ. ಆ ಬಸ್ಸಿಗೆ ಹಿಂದಿನ ಬಾಗಿಲೇ ಇರಲಿಲ್ಲ.

ಇಳಿದದ್ದು ನಮ್ಮ ಕಂಪನಿಯ ಅಂಗಡಿಯ ಎದುರು. ಒಳಗೆ ಹೋದರೆ ನನ್ನ ಚೀಲಗಳು ಕೊಕ್ಕೆಗೆ ಸಾಲಾಗಿ ತೂಗುತ್ತಿದ್ದವು. ಮುಟ್ಟಿ ನೋಡಿದೆ, ಹೊಲಿಗೆ ಎಳೆದು ನೋಡಿದೆ. ಖುಷಿಗೆ ಒಂದು ಸೇಬಿನ ಪೊಟ್ಟಣ ತೆಗೆದುಕೊಂಡು ಹಣ ಕೊಡಲು ಹೋದರೆ ಕೌಂಟರಿನಲ್ಲಿ ಮನುಷ್ಯರೇ ಇಲ್ಲ. ಹತ್ತು ಹನ್ನೆರಡು ಯಂತ್ರಗಳು ಸಾಲಾಗಿ ನಿಂತಿವೆ. ಜನ ತಾವೇ ಸಾಮಾನು ತೋರಿಸಿ, ತಾವೇ ಹಣ ಕಟ್ಟಿ, ಯಂತ್ರಕ್ಕೂ ಥ್ಯಾಂಕ್ಸ್ ಹೇಳಿ ಹೋಗುತ್ತಿದ್ದಾರೆ. ನಾನೂ ಹಾಗೇ ಮಾಡಿ, ಸೇಬು ಹಾಕಲು ನನ್ನ ಚೀಲವನ್ನು ಪಕ್ಕದ ತಟ್ಟೆಯ ಮೇಲಿಟ್ಟೆ. ಯಂತ್ರ ಕೂಗಿಕೊಂಡಿತು. ಇಲ್ಲಿ ಇರಬಾರದ ವಸ್ತು ಇದೆಯಂತೆ, ತೆಗೆಯಬೇಕಂತೆ. ತೆಗೆದೆ. ಮತ್ತೆ ಇಟ್ಟೆ. ಮತ್ತೆ ಕೂಗಿತು. ಎಲ್ಲರೂ ತಿರುಗಿ ನೋಡಿದರು. ನಾನು ಹೊಲಿದ ಚೀಲ, ಅವರದೇ ಅಂಗಡಿಯ ಹೆಸರು ಅಚ್ಚಾದ ಚೀಲ, ಅವರ ಯಂತ್ರಕ್ಕೆ ಬೇಡ!

ಅಷ್ಟೂ ಯಂತ್ರಗಳನ್ನು ನೋಡಿಕೊಳ್ಳುತ್ತಿದ್ದ ಒಬ್ಬಳೇ ಒಬ್ಬಳು ಹುಡುಗಿ ಓಡಿಬಂದು ಕಾರ್ಡು ತೋರಿಸಿ ಅದರ ಬಾಯಿ ಮುಚ್ಚಿಸಿದಳು. "ಮೊದಲು ಇಲ್ಲಿ ಎಷ್ಟು ಜನ ಇದ್ದಿರಿ?" ಎಂದು ಕೇಳಿದೆ. "ಒಂಬತ್ತು," ಎಂದಳು. "ಉಳಿದವರು?" ಎಂದೆ. ಅಷ್ಟರಲ್ಲಿ ಇನ್ನೊಂದು ಯಂತ್ರ ಕೂಗಿತು, ಅವಳು ಅತ್ತ ಓಡಿದಳು. ಶೃಂಗೇರಿಯಲ್ಲಿ ರಜೆಯ ದಿನ ಊಟದ ಸಾಲಿನಲ್ಲಿ ಬಡಿಸುವವರು ಓಡುವುದನ್ನು ನೋಡಿದ್ದೇನೆ. ಅವರು ಓಡುವುದು ಮನುಷ್ಯರ ಹಸಿವಿಗೆ.

ಸಿಟ್ಟಿಗೆ ಟೀ ಕುಡಿಯಬೇಕೆನಿಸಿ ರಸ್ತೆ ದಾಟಿದೆ. ಎದುರಿಗೆ ಒಂದು ಚಿಕ್ಕ ಬೇಕರಿ. ಗಲ್ಲಾದ ಹಿಂದೆ ದಪ್ಪ ಕನ್ನಡಕದ ಹೆಂಗಸು, ಹೆಸರು ಜೋನ್. ಅವಳೂ ಲವ್ ಎಂದಳು, ಈ ಸಲ ನಾನು ಸುಮ್ಮನೆ ನಕ್ಕೆ. ಟೀ ಬೇರೆ, ಹಾಲು ಬೇರೆ, ಸಕ್ಕರೆ ಬೇರೆ ತಂದಿಟ್ಟಳು. ಟೀ ಮಾಡುವ ಕೆಲಸವನ್ನು ಗಿರಾಕಿಗೇ ವಹಿಸುವ ಪದ್ಧತಿ. ಒಂದು ಬನ್ನನ್ನು ಕತ್ತರಿಸಿ ಬೆಣ್ಣೆ ಸವರಿ ದುಡ್ಡು ಬೇಡ ಎಂದು ಕೊಟ್ಟಳು. ಅವಳ ಹತ್ತಿರ ಇಬ್ಬರು ಹುಡುಗಿಯರು ಕೆಲಸಕ್ಕಿದ್ದರು. ಒಬ್ಬಳು ಬ್ರೆಡ್ಡು ಕೊಯ್ಯುತ್ತಾ ಹಾಡು ಗುನುಗುತ್ತಿದ್ದಳು. ಆ ಊರಿನಲ್ಲಿ ನನಗೆ ಮೈ ಹಗುರವಾದದ್ದು ಆ ಅಂಗಡಿಯಲ್ಲಿ ಮಾತ್ರ.

ಲೀಡ್ಸ್, ಸಭೆಯ ದಿನ

ನಮ್ಮಲ್ಲಿ ಸಭೆ ಎಂದರೆ ಪ್ರಾರ್ಥನೆ, ಸ್ವಾಗತ, ಹಾರ, ದೀಪ, ಅಷ್ಟು ಹೊತ್ತಿಗೆ ಅರ್ಧ ಜನ ಎದ್ದು ಹೋಗಿರುತ್ತಾರೆ. ಇಲ್ಲಿ ಹೇಳಿದ ನಿಮಿಷಕ್ಕೆ ಶುರು. ಹಿಂದಿನ ಪರದೆಯ ಮೇಲೆ ನಗುವ ಕೆಲಸಗಾರರ ದೊಡ್ಡ ದೊಡ್ಡ ಚಿತ್ರಗಳು. ಕಂಪನಿಯ ದೊಡ್ಡವರೊಬ್ಬರು ಕೋಟಿನ ಗುಂಡಿ ಬಿಚ್ಚಿ, ದುಡಿಯುವವರಿಗೆ ಮರ್ಯಾದೆಯ ಕೂಲಿ ಸಿಗಬೇಕು, ಕೊಡಲಾರದವನು ವ್ಯಾಪಾರ ಮಾಡುವುದೇ ಬೇಡ ಎಂದರು. ಚಪ್ಪಾಳೆಯೋ ಚಪ್ಪಾಳೆ. ನಾನೂ ಕೈ ಕೆಂಪಾಗುವಷ್ಟು ತಟ್ಟಿದೆ.

ನನ್ನ ಸರದಿ ಬಂತು. ಬರೆದುಕೊಂಡು ಹೋಗಿದ್ದೆ, ಓದಿದೆ. ನಮ್ಮ ಸರ್ಕಾರ ಗೊತ್ತುಮಾಡಿದ ಕೂಲಿ ಕೊಡುತ್ತೇನೆ ಎಂದೆ. ಅದು ಸುಳ್ಳಲ್ಲ, ವಾರದ ಆರು ದಿನಕ್ಕೆ ಪೂರ್ತಿ ಕೊಡುತ್ತಿದ್ದೆ. ಅವರು ಚಪ್ಪಾಳೆ ತಟ್ಟಿದರು. ಅಲ್ಲಿಗೆ ಇಳಿದು ಬಂದಿದ್ದರೆ ನನ್ನ ಗಂಟು ಹೋಗುತ್ತಿತ್ತೇ? ಚಪ್ಪಾಳೆ ಕೇಳಿ ತಲೆ ತಿರುಗಿತು. ಕಾಗದ ಮಡಿಚಿ ಬಾಯಿಗೆ ಬಂದದ್ದನ್ನು ಹೇಳತೊಡಗಿದೆ.

"ನಮ್ಮ ಊರಿನಲ್ಲಿ ಮುಯ್ಯಾಳು ಎಂಬ ಪದ್ಧತಿ ಇದೆ," ಎಂದೆ. ವಿವರಿಸಿದೆ. ನಾಟಿಯ ಕಾಲದಲ್ಲಿ ನಿನ್ನ ಗದ್ದೆಗೆ ನಾನು ಒಂದು ದಿನ ಬರುತ್ತೇನೆ, ನನ್ನ ಗದ್ದೆಗೆ ನೀನು ಒಂದು ದಿನ ಬಾ. ಕೂಲಿಯ ಮಾತೇ ಇಲ್ಲ, ಊಟ, ಕಾಫಿ, ನಗೆ, ಹಾಡು. ಅದನ್ನೇ ನಾನು ನನ್ನ ಅಂಗಡಿಗೂ ತಂದೆ. ಚೀಲ ಹಡಗಿಗೆ ಹೋಗುವ ದಿನ ಹತ್ತಿರ ಬಂದು ಕೆಲಸ ಮುಗಿಯದಿದ್ದರೆ ನಮ್ಮ ಹೆಂಗಸರು ಭಾನುವಾರ ಮುಯ್ಯಾಳಿಗೆ ಬರುತ್ತಾರೆ. ನಾನು ಕಡುಬು, ಕೋಳಿ ಸಾರು ಮಾಡುತ್ತೇನೆ. ಅವರ ಮನೆಯಲ್ಲಿ ಮದುವೆ ಬಂದರೆ ರವಿಕೆ ನಾನು ಹೊಲಿದುಕೊಡುತ್ತೇನೆ. ನಿಮ್ಮ ಚೀಲ ನಾಲ್ಕು ವರ್ಷದಲ್ಲಿ ಒಂದು ಸಲವೂ ತಡವಾಗದೆ ಬಂದದ್ದು ಹೀಗೆ!

ಸಭೆಯಲ್ಲಿ ಒಬ್ಬ ಕೈ ಎತ್ತಿ, ಆ ಭಾನುವಾರದ ಕೆಲಸಕ್ಕೆ ಎಷ್ಟು ಕೊಡುತ್ತೀರಿ ಎಂದು ಕೇಳಿದ.

"ಏನೂ ಇಲ್ಲ! ಅದೇ ನೋಡಿ ಅದರ ಸೊಗಸು," ಎಂದೆ, ಎರಡೂ ಕೈ ಅಗಲಿಸಿ.

ಚಪ್ಪಾಳೆ ಬರಲಿಲ್ಲ. ನನ್ನ ಇಂಗ್ಲಿಷು ಅರ್ಥವಾಗಲಿಲ್ಲವೇನೋ ಎಂದುಕೊಂಡು ಇನ್ನೊಂದು ಸಲ ಹೇಳಿದೆ. ಅರ್ಥವಾಗದೆ ಏನು? ಚೆನ್ನಾಗಿಯೇ ಆಗಿತ್ತು. ಮುಂದಿನ ಸಾಲಿನಲ್ಲಿ ಹೆಲೆನ್ ತಲೆ ತಗ್ಗಿಸಿ ಏನನ್ನೋ ಬರೆದುಕೊಳ್ಳುತ್ತಿದ್ದಳು. ಊಟದ ಹೊತ್ತಿಗೆ ನನ್ನ ಮೇಜಿನ ಹತ್ತಿರ ಯಾರೂ ಬಂದು ಕೂರಲಿಲ್ಲ. ತಣ್ಣನೆಯ ಬ್ರೆಡ್ಡಿನೊಳಗೆ ನನ್ನ ಚಟ್ನಿಪುಡಿ ಉದುರಿಸಿಕೊಂಡು ಒಬ್ಬಳೇ ತಿಂದೆ.

ಲೀಡ್ಸ್, ಮಾರನೆಯ ದಿನ

ಬೆಳಿಗ್ಗೆ ಹತ್ತಕ್ಕೆ ಹೆಲೆನಳ ಕೋಣೆ. ಟೀ ಬಂತು, ಈ ಸಲ ಅವಳೇ ಹಾಲು ಬೆರೆಸಿಕೊಟ್ಟಳು. ಸುದ್ದಿ ಒಳ್ಳೆಯದಲ್ಲ ಎಂದು ಆಗಲೇ ಗೊತ್ತಾಯಿತು.

"ವನಜಾ, ನಿನ್ನೆ ನೀವು ಹೇಳಿದ್ದು ಕೂಲಿ ಇಲ್ಲದ ಕೆಲಸ. ಅದನ್ನು ಗೊತ್ತಿದ್ದೂ ನಾವು ಸುಮ್ಮನಿರುವ ಹಾಗಿಲ್ಲ. ನಾವು ದೇಶದ ಎದುರು ನಿಂತು ಕನಿಷ್ಠ ಕೂಲಿಗೆ ಕಾನೂನು ಬಿಗಿ ಮಾಡಿ ಅನ್ನುತ್ತಿದ್ದೇವೆ. ನಮ್ಮದೇ ಚೀಲವನ್ನು ಪುಕ್ಕಟೆ ಹೊಲಿಸುತ್ತಾರೆ ಅಂತ ನಾಳೆ ಪತ್ರಿಕೆಯಲ್ಲಿ ಬಂದರೆ?"

"ಪುಕ್ಕಟೆ ಅಲ್ಲ ಮಾರಾಯ್ತಿ, ಮುಯ್ಯಿ," ಎಂದೆ. ಸಿಟ್ಟು ಬಂದರೆ ನನ್ನ ಬಾಯಲ್ಲಿ ಇಂಗ್ಲಿಷಿನ ನಡುವೆಯೂ ಮಾರಾಯ್ತಿ ಬರುತ್ತದೆ. ಆಮೇಲೆ ಸಿಟ್ಟು ನುಂಗಿಕೊಂಡು ಕೈ ಮುಗಿಯುವುದೊಂದು ಬಾಕಿ, ಅಷ್ಟು ಬೇಡಿಕೊಂಡೆ. "ಆಯಿತು, ತಪ್ಪು ಎಂದೇ ಇಟ್ಟುಕೊಳ್ಳಿ. ಇನ್ನು ಮುಂದೆ ಭಾನುವಾರಕ್ಕೂ ಕೂಲಿ ಕೊಡುತ್ತೇನೆ. ಬರೆದುಕೊಡುತ್ತೇನೆ. ಆದರೆ ನಾಲ್ಕು ವರ್ಷದಿಂದ ನೀವು ಚೀಲದ ಬೆಲೆ ಏರಿಸಿಲ್ಲ. ಹೊಲಿದು ಮುಗಿಸಲು ಕೊಡುವ ದಿನ ಮಾತ್ರ ಪ್ರತಿಸಲ ಕಡಿಮೆ ಮಾಡಿದ್ದೀರಿ. ಚೀಲಕ್ಕೆ ಒಂದೇ ಒಂದು ರೂಪಾಯಿ ಜಾಸ್ತಿ ಕೊಡಿ."

ಹೆಲೆನ್ ನಿಜವಾಗಿಯೂ ಬೇಸರದ ಮುಖ ಮಾಡಿದಳು. ಅವಳು ಕೆಟ್ಟವಳಲ್ಲ, ಅದೇ ನನ್ನ ಸಂಕಟ. ಕೆಟ್ಟವಳಾಗಿದ್ದರೆ ಅಲ್ಲೇ ನಾಲ್ಕು ಬಿಗಿದು ಬರುತ್ತಿದ್ದೆ.

"ಬೆಲೆ ನನ್ನ ವಿಭಾಗ ಅಲ್ಲ ವನಜಾ. ಅದು ಬೇರೆ ವಿಭಾಗ. ಅವರು ಏರಿಸುವುದಿಲ್ಲ."

"ಹಾಗಾದರೆ ಕೂಲಿ?"

"ಕೂಲಿ ನಮ್ಮ ವಿಭಾಗ. ಅದು ನಮ್ಮ ತತ್ವ."

ತತ್ವಕ್ಕೊಂದು ಕೋಣೆ, ಬೆಲೆಗೊಂದು ಕೋಣೆ. ಎರಡರ ನಡುವೆ ಬಾಗಿಲಿಲ್ಲ. ಚೀಲ ಇನ್ನು ಯಾರು ಹೊಲಿಯುತ್ತಾರೆ ಎಂದು ಕೇಳಿದೆ. ಬಂದರಿನ ಹತ್ತಿರ ಒಂದು ದೊಡ್ಡ ಕಾರ್ಖಾನೆ ಇದೆಯಂತೆ, ಬಟ್ಟೆ ಕತ್ತರಿಸುವುದರಿಂದ ಹಿಡಿ ಕೂರಿಸುವ ತನಕ ಯಂತ್ರವೇ ಮಾಡುತ್ತದಂತೆ, ಎಲ್ಲ ಸರ್ಟಿಫಿಕೇಟೂ ಇದೆಯಂತೆ. ಅಲ್ಲಿ ಎಷ್ಟು ಜನ ಹೆಂಗಸರು ಎಂದು ಕೇಳಿದೆ. ಹೆಲೆನ್ ಕಾಗದ ನೋಡಿ, ಅದು ಇದರಲ್ಲಿ ಇಲ್ಲ ಎಂದಳು. ಬಾಗಿಲ ತನಕ ಬಂದು, ನೀವು ಬಿಚ್ಚುಮನಸ್ಸಿನಿಂದ ಹೇಳಿದ್ದಕ್ಕೆ ಥ್ಯಾಂಕ್ಸ್ ಎಂದಳು.

ಕಾಲು ತಾನಾಗಿ ಜೋನಳ ಬೇಕರಿಗೆ ನಡೆಯಿತು. ಅಳು ಬಂದಿತ್ತು. ಅವಳು ಏನೂ ಕೇಳದೆ ಬನ್ನು ತಂದಿಟ್ಟು ಎದುರು ಕೂತಳು. ಎಲ್ಲ ಹೇಳಿದೆ. ನಿನ್ನೆಯ ಸಭೆಯ ಸುದ್ದಿ ಅವಳಿಗೂ ಗೊತ್ತಿತ್ತು, ಪತ್ರಿಕೆಯಲ್ಲಿ ಆ ದೊಡ್ಡವರ ಫೋಟೋ ಬಂದಿತ್ತು.

"ನೋಡು ಲವ್," ಎಂದಳು ಜೋನ್. "ಕೂಲಿ ಏರಬಾರದು ಅನ್ನುವವಳಲ್ಲ ನಾನು. ನನ್ನ ಹುಡುಗಿಯರೂ ಮನೆ ಬಾಡಿಗೆ ಕಟ್ಟಬೇಕು. ಈಗಿರುವುದು ಅವರಿಗೆ ಸಾಲದು, ನಾನೇ ಹೇಳುತ್ತೇನೆ. ಆದರೆ ಆ ಮನುಷ್ಯ ಯಾಕೆ ಅಷ್ಟು ಜೋರು ಕೂಗುತ್ತಾನೆ ಕೇಳು. ಏರಿಸಿದ ಕೂಲಿಯನ್ನು ಅವನು ಆಗಲೇ ಕೊಡುತ್ತಿದ್ದಾನೆ. ಕಾನೂನು ಬಂದರೆ ಅವನ ಜೇಬಿನಿಂದ ಹೊಸದಾಗಿ ಒಂದು ಕಾಸೂ ಹೋಗುವುದಿಲ್ಲ, ನನ್ನ ಜೇಬಿನಿಂದ ಹೋಗುತ್ತದೆ. ಒಂಬತ್ತು ಜನರ ಜಾಗದಲ್ಲಿ ಒಬ್ಬಳನ್ನು ನಿಲ್ಲಿಸಿ ಆ ಒಬ್ಬಳಿಗೆ ಚೆನ್ನಾಗಿ ಕೊಡುವುದು ಅವನಿಗೆ ಸುಲಭ. ನನ್ನ ಬನ್ನಿಗೆ ಬೆಣ್ಣೆ ಸವರುವ ಯಂತ್ರ ಎಲ್ಲಿ ತರಲಿ? ಬೆಲೆ ಏರಿಸಿದರೆ ಜನ ರಸ್ತೆ ದಾಟುತ್ತಾರೆ. ನಾನು ಬಾಗಿಲು ಹಾಕಿದ ದಿನ ನನ್ನ ಗಿರಾಕಿ ಅವನಿಗೆ."

"ಹೆಸರೂ ಅವನಿಗೇ," ಎಂದೆ.

"ಹೆಸರೂ ಅವನಿಗೇ. ಜಾಸ್ತಿ ಕೂಲಿ ಸಿಕ್ಕಿದವರು ಆ ದುಡ್ಡು ಹಿಡಿದು ಸಾಮಾನು ತರಲು ಹೋಗುವುದೂ ಅವನ ಅಂಗಡಿಗೇ."

"ನಿನಗೆ ಗಂಟೆಗೆ ಎಷ್ಟು ಬೀಳುತ್ತದೆ ಜೋನ್?" ಎಂದು ಕೇಳಿದೆ. ಬೆಳಗಿನ ನಾಲ್ಕಕ್ಕೆ ಒಲೆ ಹಚ್ಚುವವಳು ಅವಳು.

"ಲೆಕ್ಕ ಹಾಕುವುದಿಲ್ಲ ಲವ್. ಹಾಕಿದರೆ ನನ್ನ ಮೇಲೆ ನಾನೇ ಕೇಸು ಹಾಕಬೇಕಾದೀತು."

ಇಬ್ಬರೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕೆವು. ನನ್ನ ಕಣ್ಣಲ್ಲಿ ಅದು ಮೊದಲೇ ಇತ್ತು. ಹೊರಡುವಾಗ ಅವಳು ಕಾಗದದ ಪೊಟ್ಟಣದಲ್ಲಿ ಆರು ಬನ್ನು ಕಟ್ಟಿಕೊಟ್ಟಳು.

ವಿಮಾನದಲ್ಲಿ ಪಕ್ಕದವರು ಯಾರು, ಏನು ಬಡಿಸಿದರು, ಒಂದೂ ನೆನಪಿಲ್ಲ. ದಾರಿಯುದ್ದಕ್ಕೂ ಮನಸ್ಸಿನಲ್ಲೇ ಹೆಲೆನಳ ಜೊತೆ ಜಗಳವಾಡುತ್ತಾ ಬಂದೆ. ಎಲ್ಲ ಜಗಳವೂ ನಾನೇ ಗೆದ್ದೆ.

ಮತ್ತೆ ಕೊಪ್ಪ

ಬಸ್ಸಿಳಿದವಳು ಮನೆಗೂ ಹೋಗದೆ ಪೆಟ್ಟಿಗೆ ಎಳೆದುಕೊಂಡು ಅಂಗಡಿಗೇ ನಡೆದೆ. ಹನ್ನೊಂದೂ ಜನ ಬಂದಿದ್ದರು. ನನ್ನ ಮುಖ ನೋಡಿಯೇ ಮೆಷಿನ್‌ಗಳು ಒಂದೊಂದಾಗಿ ನಿಂತವು. ಬನ್ನು ಹಂಚಿದೆ. ಎರಡು ದಿನದ ಪ್ರಯಾಣಕ್ಕೆ ಗಟ್ಟಿಯಾಗಿದ್ದವು, ಅರ್ಧರ್ಧ ಮಾಡಿ ಕೊಟ್ಟೆ. ಆಮೇಲೆ ಕಥೆ ಹೇಳಿದೆ.

ಚೆನ್ನಾಗಿಯೇ ಹೇಳಿದೆ. ಹೆಲೆನಳ ಹಾಗೆ ಥ್ಯಾಂಕ್ಸ್ ಹೇಳಿ ತೋರಿಸಿದೆ, ಚೀಲ ಕಂಡು ಕೂಗಿದ ಯಂತ್ರದ ಹಾಗೆ ಕೂಗಿದೆ, ತತ್ವದ ಕೋಣೆ, ಬೆಲೆಯ ಕೋಣೆ ಎಂದೆ. ಕೆಲವರು ಸೆರಗು ಬಾಯಿಗಿಟ್ಟುಕೊಂಡು ನಕ್ಕರು ಸಹ. "ನೋಡ್ರೇ, ಒಳ್ಳೆ ಮಾತಾಡಿ ಹೊಟ್ಟೆ ಮೇಲೆ ಹೊಡೆಯೋದು ಅಂದ್ರೆ ಇದು. ನಮ್ಮ ಮುಯ್ಯಿ ಅವರಿಗೆ ಪುಕ್ಕಟೆ ದುಡಿಮೆ ಅಂತೆ! ಅವರಿಗೆಂತ ಗೊತ್ತು ಮುಯ್ಯಿ ಅಂದ್ರೆ?" ಎಂದೆ. ಒಂದಿಬ್ಬರು ಹೌದು ಹೌದು ಎಂದು ತಲೆಯಾಡಿಸಿದರು.

ಗಿರಿಜಾ ತಲೆಯಾಡಿಸಲಿಲ್ಲ. ಹಿಡಿ ಕೂರಿಸುತ್ತಿದ್ದ ಚೀಲ ಅವಳ ತೊಡೆಯ ಮೇಲಿತ್ತು. ಅದರ ಉಳಿದ ಹೊಲಿಗೆ ಮುಗಿಸಿ, ನೂಲು ಕತ್ತರಿಸಿ, ಮಡಿಚಿಟ್ಟು ಬಂದಳು. ಎಲ್ಲರೂ ಬಸ್ಸಿಗೆ ಹೊರಟ ಮೇಲೂ ನಿಂತಿದ್ದಳು.

"ಅಕ್ಕ, ಬೇಜಾರು ಮಾಡ್ಕೊಳ್ಬೇಡಿ. ಒಂದು ಮಾತು ಕೇಳ್ತೆ."

"ಕೇಳೇ."

"ಮುಯ್ಯಾಳು ಅಂದ್ರೆ ಗದ್ದೆ ಇದ್ದವ್ರು ಗದ್ದೆ ಇದ್ದವ್ರ ಮನೆಗೆ ಹೋಗೂದಲ್ವಾ? ನಿಮ್ಮನೇಲಿ ಅದು ಇತ್ತು, ಸರಿ. ನಮ್ಮಮ್ಮ ಯಾವತ್ತೂ ಮುಯ್ಯಾಳಿಗೆ ಹೋದವಳಲ್ಲ. ನಮ್ಗೆ ಗದ್ದೆ ಎಲ್ಲಿದೆ, ಯಾರಾದ್ರೂ ತಿರುಗಿ ಬರೋಕೆ? ನಾವು ಹೋಗಿದ್ದೆಲ್ಲ ಕೂಲಿಗೇ."

"ನಿನ್ನ ಮಗಳ ಮದುವೆಗೆ ರವಿಕೆ ಹೊಲಿದುಕೊಟ್ಟೆನಲ್ಲ ಮಾರಾಯ್ತಿ?" ಎಂದೆ. ಬಾಯಿಂದ ಬಿದ್ದ ಮೇಲೆ ನನಗೇ ಥೂ ಅನ್ನಿಸಿತು.

"ಹೊಲ್ದಿದೀರಿ. ನಾಲ್ಕು. ಚಂದ ಹೊಲ್ದಿದೀರಿ," ಎಂದಳು. "ನಾಲ್ಕು ವರ್ಷದ ಭಾನುವಾರ ಎಷ್ಟಾಯ್ತು ಅಂತ ನಾನು ಕೇಳೂದಿಲ್ಲ ಬಿಡಿ."

ನನ್ನ ಮೈಯೆಲ್ಲ ಉರಿಯಿತು. ಯಾರ ಮೇಲೆ ಎಂದು ಗೊತ್ತಾಗಲಿಲ್ಲ. ಎಂಟು ಸಾವಿರ ಕಿಲೋಮೀಟರು ಆಚೆಯವಳು ಟೀ ಕೊಟ್ಟು ಹೇಳಿದ್ದನ್ನೇ ಇವಳೂ ಹೇಳುತ್ತಿದ್ದಳು. ಅವಳಿಗೆ ಎದುರು ಮಾತಾಡಲು ನನಗೆ ಬೆಲೆಯ ಮಾತಿತ್ತು, ರೂಪಾಯಿಯ ಮಾತಿತ್ತು. ಇವಳ ಮುಂದೆ ಒಂದೂ ಇರಲಿಲ್ಲ.

"ಹಾಗಾದ್ರೆ ಅವರು ಮಾಡಿದ್ದು ಸರಿ ಅಂತೀಯಾ ಗಿರಿಜಾ?"

"ಅವ್ರು ಹೇಳಿದ್ದು ಸರಿ ಅಕ್ಕ. ಮಾಡಿದ್ದಕ್ಕೆ ನಾನೆಂತ ಹೇಳ್ಲಿ? ನನ್ನ ಕೆಲ್ಸವೇ ಹೋಯ್ತು." ನೆಲದ ಮೇಲೆ ಬಿದ್ದಿದ್ದ ನೂಲಿನ ತುಂಡು ಹೆಕ್ಕಿ ಮೆಷಿನ್ ಮೇಲಿಟ್ಟಳು. "ಭಾನುವಾರದ ಕೂಲಿ ಕೇಳ್ಬೇಕು ಅಂತ ಎಷ್ಟೋ ಸಲ ಬಾಯಿ ತುದಿಗೆ ಬಂದಿತ್ತು. ನಿಮ್ಗೆ ಬೇಜಾರಾಗ್ತದೆ ಅಂತ ಸುಮ್ನಾದೆ. ಈಗ ನನ್ನ ಪರವಾಗಿ ಅವ್ರು ಕೇಳಿದ್ರು, ಯಾರ್ಗೂ ಎಂತದೂ ಇಲ್ಲ ಅಂತ ಆಯ್ತು. ನಾನೇ ಕೇಳಿದ್ರೆ ಕೂಲಿಯಾದ್ರೂ ಸಿಗ್ತಿತ್ತೇನೋ."

ಬಸ್ ಸ್ಟ್ಯಾಂಡಿನಲ್ಲಿ ಮೇಗುಂದದ ಬಸ್ಸು ಹಾರ್ನ್ ಹಾಕಿತು. ಅವಳು ಕದಲಲಿಲ್ಲ.

"ಕೊಡ್ತಿದ್ರಾ ಅಕ್ಕ?"

ಹೌದು ಎನ್ನುವುದು ಎಷ್ಟು ಸುಲಭವಿತ್ತು! ಇನ್ನು ಕೊಡಬೇಕಾದ್ದೇ ಇಲ್ಲವಲ್ಲ. ಆ ಕೋಟಿನ ಮನುಷ್ಯನ ಹಾಗೆ, ಒಂದು ಕಾಸು ಖರ್ಚಿಲ್ಲದೆ ನಾನೂ ಒಳ್ಳೆಯವಳಾಗಬಹುದಿತ್ತು.

"ಇಲ್ಲ ಗಿರಿಜಾ," ಎಂದೆ. "ಕೊಡ್ತಿರಲಿಲ್ಲ. ಇಷ್ಟವಿದ್ರೆ ಬಾ, ಇಲ್ದಿದ್ರೆ ಬಿಡು ಅಂತಿದ್ದೆ."

"ಹ್ಞೂ," ಎಂದಳು. "ಅದ್ಕೇ ನಾನು ಕೇಳ್ಲಿಲ್ಲ."

ಸೊಂಟಕ್ಕೆ ಕೈ ಕೊಟ್ಟುಕೊಂಡು ಮೆಟ್ಟಿಲಿಳಿದು ಬಸ್ಸಿಗೆ ನಡೆದಳು.